ಪರೀಕ್ಷೆಯ ತುಂಡು

ಬಸ್ಸಿನಿಂದ ಇಳಿಯುವಾಗ ಹೆಂಡತಿ ಅವನ ಮೊಣಕೈಯ ಕೆಳಗೆ ಕೈ ಕೊಟ್ಟಳು. ಅವನು ಗಮನಿಸದವನ ಹಾಗೆ ಇಳಿದುಬಿಟ್ಟ. ಆಸರೆ ಬೇಕಿದ್ದರೆ ಅದು ಅವಳಪ್ಪನಿಗೆ, ಎಂಬತ್ತು ತುಂಬಿದ ಮಾವನಿಗೆ. ಮಾವನೋ ಯಾರ ಹಂಗೂ ಇಲ್ಲದೆ ಮೊದಲೇ ಇಳಿದು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಟೈರು ಅಂಗಡಿ ದಾಟಿ ಹೋಗುತ್ತಿದ್ದರು. ಹಿಂದಿನಿಂದ ನೋಡಿದರೆ ಅವರ ದವಡೆಯ ಮೂಲೆ ಮಾತ್ರ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತ ನಡೆದ. ಆ ದವಡೆಯೊಳಗೆ ಇದ್ದದ್ದು ಅವನು ಮಾಡಿದ ಹಲ್ಲುಗಳು, ಮೇಲಿನ ಸೆಟ್ಟು, ಕೆಳಗಿನ ಸೆಟ್ಟು, ಎರಡೂ. ಬೆಳಗ್ಗೆ ಹತ್ತಕ್ಕೆ ಹಾಕಿಕೊಂಡವರು ಈಗ ಒಂದೂಕಾಲಾದರೂ ಚೆನ್ನಾಗಿದೆ ಎಂದಿಲ್ಲ, ಚುಚ್ಚುತ್ತಿದೆ ಎಂದೂ ಇಲ್ಲ. ಬಸ್ಸಿನಲ್ಲಿ ಊರ ನಡುವಿನ ಎತ್ತರದ ಕಟ್ಟಡಗಳು ಮುಗಿದು, ಗೋದಾಮುಗಳು ಮುಗಿದು, ಬಟ್ಟೆ ಒಣಹಾಕಿದ ತಗ್ಗು ಮಹಡಿಗಳ ಬೀದಿ ಬರುವ ತನಕ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ಎರಡು ಸಲ ನಾಲಿಗೆ ಕೆನ್ನೆಯೊಳಗೆ ಎಡಗಡೆ ಹೋಗಿ ಏನನ್ನೋ ಮುಟ್ಟಿ ಬಂದಿತ್ತು. ಎಡಗಡೆಯೇ.

ಮಾವನ ಹಲ್ಲಿನ ಸೆಟ್ಟಿನ ವರ್ಕ್‌ಶಾಪಿನಲ್ಲಿದ್ದಂಥ ಕಟ್ಟಳೆ ಬೇರೆ ಯಾವ ವರ್ಕ್‌ಶಾಪಿನಲ್ಲೂ ಇದ್ದಂತಿಲ್ಲ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಹಿಂದಿನ ಕೋಣೆಯ ಮೂರು ಬೆಂಚುಗಳಲ್ಲಿ ಕೂತು ಮೇಣ ಕೆತ್ತಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡುತ್ತಾರೆ. ಅಲ್ಲಿಗೆ ಎಲ್ಲ ಕಡೆ ಕೆಲಸ ಮುಗಿಯುತ್ತದೆ. ಮಾವನಿಗೆ ಅಷ್ಟು ಸಾಲದು. ಪೂರ್ತಿ ಸೆಟ್ಟು ಹಾಕಿಸಿಕೊಂಡವರನ್ನು, ಅವರು ಬರುವುದಾದರೆ, ಮಾಡಿದವನೇ, ಮಾಂಸದ ದಪ್ಪ ತುಂಡು ಸುಟ್ಟು ಕೊಡುವ ಈ ಬೀದಿಯ ಸ್ಟೀಕ್ ಹೋಟೆಲಿಗೆ ಕರೆತಂದು ನಾಲ್ಕನೇ ಮೇಜಿನಲ್ಲಿ ಕೂರಿಸಿ, ಎದುರಿಗೆ ಕೂತು, ಅವರು ಅಗಿಯುವುದನ್ನು ನೋಡಬೇಕು. ಮೃದುವಾದ ತುಂಡಲ್ಲ, ಭುಜದ ಮಾಂಸ, ಗಟ್ಟಿಯಾಗುವ ತನಕ ಬೇಯಿಸಿದ್ದು. ಅದಕ್ಕೆ ಅಡುಗೆಮನೆಯಲ್ಲೂ ಹೆಸರಿತ್ತು, ಪರೀಕ್ಷೆಯ ತುಂಡು. ಬ್ರೆಡ್ಡು ತಿಂದು ಚೆನ್ನಾಗಿದೆ ಅನ್ನೋರ ಮಾತು ನಂಬಬೇಡ ಎಂದು ಮಾವ ಹೇಳುತ್ತಿದ್ದರು. ಕಿವಿಗೊಟ್ಟು ಕೇಳಬೇಕು: ಟಕ್ ಎಂದರೆ ಹಲ್ಲು ಎತ್ತರ ಕೂತಿದೆ. ಕಣ್ಣಿಟ್ಟು ನೋಡಬೇಕು: ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ನೋವಿದೆ. ತಟ್ಟೆ ಬರಿದಾದ ಮೇಲೆ, ಮೆನು ಕಾರ್ಡನ್ನು ಮರೆಯಾಗಿ ಹಿಡಿದು, ಸೆಟ್ಟು ತೆಗೆಸಿ ಒಸಡು ನೋಡಬೇಕು, ಎಲ್ಲಾದರೂ ಕೆಂಪಾಗಿದೆಯೇ ಎಂದು. ವರ್ಕ್‌ಶಾಪು ಮೊದಲು ಇದೇ ಬೀದಿಯಲ್ಲಿತ್ತು. ಡಾಕ್ಟರುಗಳ ಹಿಂದೆ ಹಿಂದೆ ಅದು ಊರ ನಡುವೆ ಹೋದರೂ ಪರೀಕ್ಷೆ ಮಾತ್ರ ಇಲ್ಲೇ ಉಳಿಯಿತು.

ಮೂರು ತಿಂಗಳ ಹಿಂದೆ ಮಾವ ತಮ್ಮ ಕೊನೆಯ ಐದು ಹಲ್ಲು ಕೀಳಿಸಿಕೊಂಡು ಬಂದಾಗ, ಅವರ ಸೆಟ್ಟು ಯಾರ ಬೆಂಚಿಗೆ ಹೋಗುತ್ತದೆಂದು ಅವನು ಉಸಿರು ಬಿಗಿಹಿಡಿದು ಕಾದಿದ್ದ. ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು, ಕಲ್ಲಿನಂತೆ ಅಲುಗದ ಕೈಯವನು, ಪಕ್ಕದ ಬೆಂಚಿನಲ್ಲಿ ತಲೆಯೆತ್ತದೆ ಕೂತಿದ್ದ. ಮಾವ ಅಚ್ಚನ್ನು ತಂದು ಇಟ್ಟದ್ದು ಇವನ ಮುಂದೆ. "ನೀನೇ ಮಾಡು" ಎಂದಷ್ಟೇ ಹೇಳಿದರು. ಅವತ್ತು ಅವನು ಮನೆಗೆ ಹಾರಿಕೊಂಡು ಹೋಗಿದ್ದ. ಹೆಂಡತಿಗೆ ಹೇಳಿದಾಗ ಅವಳು "ಹೌದಾ, ಒಳ್ಳೇದಾಯ್ತು" ಎಂದು ಟೀ ಕೊಟ್ಟಿದ್ದಳು, ಅರ್ಧ ಲೋಟ. ಒಂದು ವರ್ಷದಿಂದ ಅವಳು ಅವನಿಗೆ ಅರ್ಧ ಲೋಟವೇ ಕೊಡುತ್ತಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಬಲಗೈ ನಡುಗುತ್ತದೆ ಎಂಬ ಮಾತು ಆ ಮನೆಯಲ್ಲಿ ಒಮ್ಮೆಯೂ ಯಾರ ಬಾಯಿಂದಲೂ ಬಂದಿರಲಿಲ್ಲ. ಲೋಟದಲ್ಲಿ ಟೀ ಮಾತ್ರ ಕಡಿಮೆಯಾಗುತ್ತ ಹೋಗಿತ್ತು.

ಅವನಿಗೆ ಅನುಮಾನ ಹುಟ್ಟಿದ್ದು ಚಳಿಗಾಲದ ಒಂದು ಬೆಳಗ್ಗೆ. ಅಪರೂಪಕ್ಕೆ ಬೇಗ ಹೋದವನು ಕಂಡದ್ದು ಷಡ್ಡಕ ದೀಪ ಹಚ್ಚಿಕೊಂಡು ಸಣ್ಣ ಅರದಿಂದ ಏನನ್ನೋ ಉಜ್ಜುತ್ತಿರುವುದು. ಇವನನ್ನು ಕಂಡು ಷಡ್ಡಕ ಅದನ್ನು ಮೆಲ್ಲಗೆ ಬಟ್ಟೆಯ ಕೆಳಗೆ ಸರಿಸಿ, "ಏನಣ್ಣ, ಇಷ್ಟು ಬೇಗ?" ಎಂದ. ಅದು ಇವನೇ ಹಿಂದಿನ ದಿನ ಮುಗಿಸಿಟ್ಟ ಸೆಟ್ಟೋ ಅಲ್ಲವೋ, ಇವನು ನೋಡಲಿಲ್ಲ. ಬಟ್ಟೆ ಎತ್ತಿದ್ದರೆ ಆಗುತ್ತಿತ್ತು. ಎತ್ತಲಿಲ್ಲ. ಒಂದು ವರ್ಷದಲ್ಲಿ ತನ್ನ ಸೆಟ್ಟುಗಳಲ್ಲಿ ಒಂದೂ ವಾಪಸು ಬಂದಿಲ್ಲ ಎಂಬ ಹೆಮ್ಮೆಯನ್ನು ಅವತ್ತಿನಿಂದ ಯಾರ ಮುಂದೆಯೂ ಆಡಲಿಲ್ಲ. ಅದಕ್ಕೇ ಮಾವನ ಸೆಟ್ಟನ್ನು ಅವನು ಪ್ರತಿ ಸಂಜೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ, ಬೀಗದ ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಇದನ್ನು ಇನ್ನೊಬ್ಬ ಮುಟ್ಟಿಲ್ಲ. ಇದರಲ್ಲಿ ಇರುವುದೆಲ್ಲ ತನ್ನದೇ. ಮಾಂಸದ ತುಂಡು ಒಳಗೆ ಹೋದರೆ ಕೈ ಇನ್ನೂ ಇದೆ ಎಂದರ್ಥ, ಹೋಗದಿದ್ದರೆ ಬೆಂಚಿನಿಂದ ತಾನೇ ಏಳಬೇಕು. ಹಾಗೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ.

ಹೋಟೆಲಿನ ಹಲಗೆಯ ಮೇಲಿನ ಎತ್ತಿನ ಚಿತ್ರದಲ್ಲಿ ಒಂದು ಕಣ್ಣಿನ ಬಣ್ಣ ಉದುರಿಹೋಗಿತ್ತು. ಒಳಗೆ ಅದೇ ಕೆಂಪು ರೆಕ್ಸಿನ್ ಸೀಟುಗಳು, ಹರಿದ ಕಡೆ ಟೇಪು ಅಂಟಿಸಿದ್ದು. ಅಡುಗೆಮನೆಯ ಕಿಂಡಿಯಿಂದ ಕೊಬ್ಬು ಸುಡುವ ವಾಸನೆ. ಮಧ್ಯಾಹ್ನದ ಊಟದವರು ಆಗಲೇ ಕರಗಿದ್ದರು. ಲಾರಿ ಓಡಿಸುವವರಂತೆ ಕಾಣುವ ಇಬ್ಬರು ಕಿಟಕಿಯ ಹತ್ತಿರ ಮಾತಿಲ್ಲದೆ ತಿನ್ನುತ್ತಿದ್ದರು. ಬಡಿಸುವಾಕೆ ಮೂವತ್ತು ವರ್ಷದಿಂದ ಇಲ್ಲೇ ಇದ್ದವಳು, ಮಾವನನ್ನು ಕಂಡು ಮುಖವರಳಿಸಿದಳು.

"ಏನು ಯಜಮಾನ್ರೇ, ಗಿರಾಕಿ ಎಲ್ಲಿ?"

"ಈ ಸಲ ನಾನೇ ಗಿರಾಕಿ ಕಣಮ್ಮ" ಎಂದು ಮಾವ ಬಾಯಿ ತೆರೆದು ತೋರಿಸಿದರು. "ಮಾಡಿರೋನು ಇವನು."

"ಹಾಗಾದ್ರೆ ಪರೀಕ್ಷೆದೇ ತರ್ಲಾ?"

"ಮತ್ತೆ? ನಾನು ಅಂತ ರಿಯಾಯ್ತಿ ಇದೆಯಾ?"

ಆಕೆ ನಕ್ಕು, ಕಿಂಡಿಯ ಕಡೆ ತಿರುಗಿ "ಒಂದು ಪರೀಕ್ಷೆ" ಎಂದು ಕೂಗಿದಳು. ಉಳಿದಿಬ್ಬರಿಗೆ ಮಾಮೂಲಿ. ಹೆಂಡತಿ ಕೈ ತೊಳೆದು ಬರುತ್ತೇನೆಂದು ಎದ್ದಳು. ನೀರಿನ ತೊಟ್ಟಿ ಇರುವುದು ಎಡಕ್ಕೆ, ಬಾಗಿಲ ಪಕ್ಕ. ಅವಳು ಬಲಕ್ಕೆ ಹೋದಳು, ಅಡುಗೆಮನೆಯ ಕಡೆ. ಅವನು ನೋಡಿದ, ನೋಡಿ ಉಪ್ಪಿನ ಡಬ್ಬಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟ. ಇದೇ ಮೇಜು. ಇಪ್ಪತ್ತಾರು ವರ್ಷದ ಹಿಂದೆ ಇದೇ ಜಾಗದಲ್ಲಿ ಅವನ ಎದುರಿಗೆ ಕೂತಿದ್ದವನು ಕ್ಲಾರಿನೆಟ್ ನುಡಿಸುವ ಮನುಷ್ಯ. ಇವನು ಮಾಡಿದ ಮೊದಲ ಪೂರ್ತಿ ಸೆಟ್ಟು ಅದು. ಪಕ್ಕದಲ್ಲಿ ಮಾವ, ಆಗಿನ್ನೂ ಮಾವನಾಗಿರಲಿಲ್ಲ, ಬರೀ ಯಜಮಾನರು. ಆಚೆ ತುದಿಯಲ್ಲಿ ಅಪ್ಪನಿಗೆ ಊಟದ ಜೊತೆಯಾಗಿ ಬಂದ ಮಗಳು. ಕ್ಲಾರಿನೆಟ್ಟಿನವನು ಸಾಧು ಮನುಷ್ಯ. ನಾಲ್ಕು ತುಂಡು ತಿಂದ, ಬೆವರಿದ, ತುಂಬಾ ಚೆನ್ನಾಗಿದೆ ಎಂದ. ಸೆಟ್ಟು ತೆಗೆದರೆ ಒಸಡಿನಲ್ಲಿ ರಕ್ತ. ಯಜಮಾನರು ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಗೆ ಹೋದರು. ಇವನೂ ಹಿಂದೆ ಓಡಿದ. ಹೋಟೆಲಿನ ಕಲ್ಲುಮೆಟ್ಟಿಲ ಮೇಲೆ ಗಂಟನ್ನಿಟ್ಟು, ಬೂಟಿನ ಹಿಮ್ಮಡಿಯಿಂದ ಒಂದು, ಎರಡು, ಮೂರು ಸಲ ತುಳಿದರು. ಹತ್ತು ದಿನದ ಕೆಲಸ ಪುಡಿಪುಡಿಯಾದ ಸದ್ದು ಬೀದಿಗೆಲ್ಲ ಕೇಳಿಸಿತು. ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ನಾಚಿಕೆಗೆ ಇವನು ನೆಲಕ್ಕಿಳಿದುಹೋಗಿದ್ದ. ಯಜಮಾನರು ಕರವಸ್ತ್ರ ಕೊಡವಿ, "ಮತ್ತೆ ಮಾಡು" ಎಂದು ಹೇಳಿ ಒಳಗೆ ಹೋಗಿ ಊಟ ಮುಂದುವರಿಸಿದ್ದರು. ಆ ಎರಡು ಮಾತನ್ನು ಅವನು ಆಮೇಲೆ ಎಷ್ಟು ದಿನ ದ್ವೇಷಿಸಿದ್ದ.

ತಟ್ಟೆಗಳು ಬಂದವು. ಮಾವ ಚಾಕು ಎತ್ತಿ ತುಂಡಿನ ಮೇಲಿಟ್ಟರು. ಒತ್ತಲೂ ಇಲ್ಲ, ಅದು ತಾನಾಗಿ ಇಳಿದುಹೋಯಿತು. ಒಳಗೆ ಎಳೆ ಗುಲಾಬಿ ಬಣ್ಣ, ಅಂಚಿನಲ್ಲಿ ರಸ. ಭುಜದ ಮಾಂಸವಲ್ಲ ಅದು, ಬೆನ್ನಿನದು, ಮಕ್ಕಳಿಗೂ ಮುದುಕರಿಗೂ ಕೊಡುವಂಥದ್ದು. ಬಡಿಸುವಾಕೆ ಯಾರ ಮುಖವನ್ನೂ ನೋಡದೆ ಆಲೂಗಡ್ಡೆಯ ಬೋಗುಣಿ ಇಟ್ಟು ಸರಿದಳು. ಹೆಂಡತಿ ಒದ್ದೆಯಿಲ್ಲದ ಕೈಗಳನ್ನು ಮಡಿಲಲ್ಲಿ ಒರೆಸಿಕೊಳ್ಳುತ್ತಿದ್ದಳು. ಹೇಳಬೇಕಿತ್ತು. ಇದು ಪರೀಕ್ಷೆದಲ್ಲ, ವಾಪಸು ಒಯ್ಯಿರಿ ಎಂದು ತಟ್ಟೆಯನ್ನು ತಳ್ಳಬೇಕಿತ್ತು; ಬೇರೆ ಯಾರ ಸೆಟ್ಟಿಗಾದರೂ ಹೀಗಾಗಿದ್ದರೆ ಅವನೇ ಕೂಗಾಡುತ್ತಿದ್ದ. ತಳ್ಳಲಿಲ್ಲ. ಯಾಕೆಂದರೆ ತಟ್ಟೆ ಕಂಡ ಕ್ಷಣ ಅವನಿಗಾದದ್ದು ಕೋಪವಲ್ಲ, ಸಮಾಧಾನ. ಈ ತುಂಡಾದರೆ ಇಳಿಯುತ್ತದೆ ಎಂಬ ಸಮಾಧಾನ. ಥೂ ಎಂದುಕೊಂಡ. ಎಂದುಕೊಂಡು, ಮಾವನ ಬಾಯಿ ನೋಡುತ್ತ ಕೂತ.

"ನೀವೂ ತಿನ್ರೀ, ಆರೋಗುತ್ತೆ" ಎಂದಳು ಹೆಂಡತಿ. ಎಂದವಳು ತನ್ನ ತಟ್ಟೆಯನ್ನು ಅವನ ಮುಂದೆ ಸರಿಸಿ ಅವನದನ್ನು ತನ್ನ ಕಡೆ ಎಳೆದುಕೊಂಡಳು. ಅವಳ ತಟ್ಟೆಯಲ್ಲಿ ಮಾಂಸವನ್ನು ಚಿಕ್ಕಚಿಕ್ಕದಾಗಿ ಕತ್ತರಿಸಿಟ್ಟಿತ್ತು. ಎಷ್ಟು ಬೇಗ ಕತ್ತರಿಸಿದಳೋ. ಕಿಟಕಿಯ ಹತ್ತಿರದ ಒಬ್ಬ ಲಾರಿಯವನು ಇದನ್ನು ನೋಡಿ ಬೇರೆ ಕಡೆ ತಿರುಗಿದ. ಕಟ್ಟಳೆಯ ಪ್ರಕಾರ ಗಿರಾಕಿ ಮುಗಿಸುವ ತನಕ ಮಾಡಿದವನು ತಿನ್ನಕೂಡದು, ಅದನ್ನಾದರೂ ಉಳಿಸಿಕೊಳ್ಳೋಣವೆಂದು ಇವನು ಕೈಯನ್ನು ಮೇಜಿನ ಕೆಳಗೆ ಹಾಕಿ ಮೊಣಕಾಲುಗಳ ನಡುವೆ ಹಿಡಿದುಕೊಂಡ. ಅಲ್ಲಿ ಅದು ತನ್ನ ಪಾಡಿಗೆ ತಾನು ನಡುಗುತ್ತಿತ್ತು.

ಮಾವ ಅಗಿಯುತ್ತಿದ್ದರು. ಟಕ್ ಎನ್ನುವ ಸದ್ದಿಲ್ಲ. ಬಲಗಡೆ, ಬಲಗಡೆ, ಆಮೇಲೆ ಎಡಗಡೆ. ಎಡಗಡೆಗೆ ಹೋದಾಗ ಅವನು ಮೇಜಿನ ಮೇಲೆ ಮುಂದಕ್ಕೆ ಬಾಗಿದ. ಕೆಳಗಿನ ಸೆಟ್ಟಿನ ಎಡಭಾಗದಲ್ಲಿ, ಒಸಡಿಗೆ ಕೂರುವ ಒಳಮೈಯಲ್ಲಿ, ಕೂದಲೆಳೆಯಷ್ಟು ಒಂದು ಏಣು, ಚೂಪಾದ ಉಬ್ಬು, ಇತ್ತು. ಕೆತ್ತುವಾಗ ಕೈ ಜಾರಿ ಆದದ್ದು. ನಿನ್ನೆ ಸಂಜೆ ದೀಪದ ಕೆಳಗೆ ಹಿಡಿದಾಗ ಕಂಡಿತ್ತು. ಅರ ಹಿಡಿದು ಸರಿಮಾಡಲು ಹೋಗಿ, ಕೈ ನಿಲ್ಲದೆ, ಇನ್ನಷ್ಟು ಕೆಡಿಸುವ ಭಯಕ್ಕೆ ನಿಲ್ಲಿಸಿದ್ದ. ಪಕ್ಕದ ಬೆಂಚಿನಲ್ಲಿ ಷಡ್ಡಕನಿದ್ದ. ತಮ್ಮಾ, ಇದೊಂದು ಸ್ವಲ್ಪ ನೋಡು ಎಂದಿದ್ದರೆ ಎರಡು ನಿಮಿಷದ ಕೆಲಸ. ಎನ್ನಲಿಲ್ಲ. ಒಸಡು ಮೆತ್ತಗಿರುತ್ತದೆ, ಹೊಂದಿಕೊಳ್ಳುತ್ತದೆ ಎಂದು ಹೇಳಿಕೊಂಡು, ಅದರ ಮೇಲೆ ಹೊಳಪು ಕೊಟ್ಟು, ಡ್ರಾಯರಿಗೆ ಹಾಕಿ ಬೀಗ ಜಡಿದ. ಗೊತ್ತಿದ್ದೂ ಆ ಏಣನ್ನು ಮುದುಕರ ಬಾಯಿಗೆ ಇಟ್ಟ. ತನಗೆ ಹೆಣ್ಣು ಕೊಟ್ಟವರು, ಕೆಲಸ ಕಲಿಸಿದವರು. ಈಗ ಅವರು ಎಡಗಡೆ ಅಗಿಯುತ್ತಿದ್ದರು, ನಿಧಾನವಾಗಿ, ಹುಬ್ಬು ಅಲುಗಿಸದೆ, ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿಟ್ಟು.

ಒಂದು ತುಂಡಾಯಿತು. ಮಾವ ಊಟದ ಬಟ್ಟೆಯಿಂದ ಬಾಯಿ ಒರೆಸಿಕೊಂಡು ಮತ್ತೆ ಅದನ್ನು ಮಡಿಲಿಗೆ ಹಾಸಿಕೊಂಡರು. ಇನ್ನೊಂದಾಯಿತು. ಮತ್ತೆ ಬಾಯಿ ಒರೆಸಿಕೊಂಡರು. ಮಾವ ಯಾವತ್ತೂ ಶಿಸ್ತಿನವರು, ಮೀಸೆಗೆ ಒಂದು ಹನಿ ತಾಗಿದರೂ ಒರೆಸುವವರು. ನಡುನಡುವೆ ಬಡಿಸುವಾಕೆಯ ಮಂಡಿನೋವು ವಿಚಾರಿಸಿದರು, ಮೊದಲಿದ್ದ ಅಡುಗೆಯವನು ಒಮ್ಮೆ ಮೆಣಸಿನ ಪುಡಿ ಎಂದು ಕಾಫಿಪುಡಿ ಉದುರಿಸಿದ ಕತೆ ಹೇಳಿ ಮಗಳನ್ನು ನಗಿಸಿದರು. ತಟ್ಟೆಯಲ್ಲಿ ಮಾಂಸ ಕಡಿಮೆಯಾಗುತ್ತಿತ್ತು. ಮೊಣಕಾಲ ನಡುವೆ ಅವನ ಕೈ ಸ್ವಲ್ಪ ಸಡಿಲವಾಯಿತು. ಹೊಂದಿಕೊಂಡಿತೋ ಏನೋ. ಮೆತ್ತಗಿನ ತುಂಡೇ ಇರಬಹುದು, ಆದರೂ ಅಗಿಯುತ್ತಿದ್ದಾರಲ್ಲ, ಎರಡೂ ಕಡೆ. ಚಳಿಗಾಲದ ಆ ಬೆಳಗ್ಗೆ ಷಡ್ಡಕ ಉಜ್ಜುತ್ತಿದ್ದದ್ದು ಆತ ತಾನೇ ಮಾಡಿದ ಸೆಟ್ಟಿರಬೇಕು. ಇಷ್ಟು ದಿನ ಸುಮ್ಮನೆ ಆ ಮನುಷ್ಯನ ಮೇಲೆ ಮನಸ್ಸು ಕೆಡಿಸಿಕೊಂಡೆ ಎಂದು ಪಶ್ಚಾತ್ತಾಪವಾಯಿತು. ಅವನಿಗೆ ಹಸಿವಾಗುತ್ತಿರುವುದು ಗೊತ್ತಾಯಿತು, ಎಷ್ಟೋ ದಿನದ ಮೇಲೆ.

ಮಾವ ಫೋರ್ಕು ಇಟ್ಟರು. ತಟ್ಟೆ ಬರಿದಾಗಿತ್ತು.

"ಫಸ್ಟ್ ಕ್ಲಾಸ್" ಎಂದರು.

ಅವನು ಮೆನು ಕಾರ್ಡಿಗೆ ಕೈ ಚಾಚಿದ. "ಒಸಡು ನೋಡ್ಬೇಕಲ್ಲ ಮಾವ."

"ಅದೆಲ್ಲ ಬೇಡ ಬಿಡು. ನನ್ನ ಬಾಯಿ ನಂಗೆ ಗೊತ್ತಿಲ್ವಾ? ಚೆನ್ನಾಗಿದೆ."

"ಒಂದ್ಸಲ ನೋಡಿಬಿಡ್ತೀನಿ."

"ಬೇಡ ಅಂದ್ನಲ್ಲ." ಮಾವ ನೀರು ಕುಡಿದರು, ಬಲಗಡೆಯಿಂದ, ತಲೆ ವಾಲಿಸಿ. ಆಮೇಲೆ ಬಹಳ ದಿನದಿಂದ ಜೋಡಿಸಿಟ್ಟುಕೊಂಡದ್ದನ್ನು ತೆಗೆಯುವವರ ಹಾಗೆ ಹೇಳಿದರು: "ನೋಡು, ನಂಗೂ ವಯಸ್ಸಾಯ್ತು. ಮುಂದಿನ ಕೋಣೇಲಿ ಡಾಕ್ಟ್ರ ಕಡೆಯವ್ರ ಹತ್ರ ಮಾತಾಡೋಕೆ, ಗಿರಾಕಿಗಳ್ನ ಕೂರಿಸಿ ವಿಚಾರಿಸೋಕೆ, ತಿಳಿದೋನು ಒಬ್ಬ ಬೇಕು. ಆ ಕುರ್ಚೀಲಿ ಇನ್ಮೇಲೆ ನೀನು ಕೂತ್ಕೋ. ಬೆಂಚಿನ ಕೆಲಸ ಎಷ್ಟು ದಿನ ಅಂತ ಮಾಡ್ತೀಯ. ಇಷ್ಟು ಒಳ್ಳೆ ಸೆಟ್ಟು ಮಾಡಿ ಮುಗಿಸಿದ್ದೀಯ, ಸಾಕು."

ಅವನು ಹೆಂಡತಿಯ ಕಡೆ ನೋಡಿದ. ಅವಳು ಉಪ್ಪಿನ ಡಬ್ಬಿಯನ್ನು ನೋಡುತ್ತಿದ್ದಳು. ಅವಳಿಗೆ ಇದು ಹೊಸ ಸುದ್ದಿಯಲ್ಲ.

"ಅಪ್ಪ ಹೇಳೋದು ಸರಿ ಅಲ್ವಾ ರೀ" ಎಂದಳು. "ನಿಮಗೂ ಸ್ವಲ್ಪ ಆರಾಮ."

"ಆ ಡ್ರಾಯರಿನ ಬೀಗದ ಕೈ ಅವನಿಗೆ ಕೊಟ್ಟುಬಿಡು" ಎಂದರು ಮಾವ, ಷಡ್ಡಕನ ಹೆಸರೆತ್ತದೆ, ತೀರ ಮೆಲ್ಲಗೆ. ಬೀಗದ ವಿಷಯ ಅವರಿಗೂ ಗೊತ್ತಿತ್ತು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ಒಂದು ವರ್ಷದಿಂದ, ಅವನೊಬ್ಬನನ್ನು ಬಿಟ್ಟು. ಅಲ್ಲ, ಅವನಿಗೂ ಗೊತ್ತಿತ್ತು. "ಆಗ್ಲಿ ಮಾವ" ಎಂದ. ಕತ್ತರಿಸಿಟ್ಟ ತುಂಡುಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡ. ತಣ್ಣಗಾಗಿತ್ತು. ಬಹಳ ಮೃದುವಾಗಿತ್ತು. ಸೆಟ್ಟು ಚೆನ್ನಾಗಿದೆ ಎಂಬ ಮಾತಾದರೂ ನಿಜವಿರಲಿ, ಬೆಂಚು ಹೋದರೆ ಹೋಗಲಿ ಎಂದು ಅಗಿಯುತ್ತಲೇ ಬೇಡಿಕೊಂಡ.

ಬಾಗಿಲ ತನಕ ಬಂದ ಮೇಲೆ ಮಾವನಿಗೆ ಕೊಡೆ ನೆನಪಾಯಿತು. ನಾನು ತರ್ತೀನಿ ಎಂದು ಅವನು ಹಿಂದಿರುಗಿದ. ಬಡಿಸುವಾಕೆ ನಾಲ್ಕನೇ ಮೇಜು ಒರೆಸುತ್ತಿದ್ದಳು. ಕೊಡೆ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಕುರ್ಚಿಯ ಮೇಲೆ ಮಾವ ಮಡಿಲಿಗೆ ಹಾಸಿಕೊಂಡಿದ್ದ ಬಟ್ಟೆ, ನಾಲ್ಕೂ ಮೂಲೆ ಅಚ್ಚುಕಟ್ಟಾಗಿ ಒಳಗೆ ಮಡಚಿ ಇಟ್ಟದ್ದು. ಆಕೆ ಅದನ್ನು ಎತ್ತಿದಳು. ಭಾರವಿತ್ತು. ಒಂದು ಮೂಲೆ ಬಿಚ್ಚಿಕೊಂಡಿತು. ಒಳಗೆ ಮಾಂಸದ ತುಂಡುಗಳು, ಅಗಿದು ಅಗಿದು ರಸವೆಲ್ಲ ಹೋಗಿ ಬೆಳ್ಳಗಾದವು, ಒಂದೂ ನುಂಗದವು. ಬಟ್ಟೆಗೆ ಅಲ್ಲಲ್ಲಿ ತಿಳಿಗೆಂಪು ಅಂಟಿಕೊಂಡಿತ್ತು. ಮಾಂಸದ ರಸವಲ್ಲ ಅದು. ಇಪ್ಪತ್ತಾರು ವರ್ಷ ಒಸಡು ನೋಡಿದವನಿಗೆ ಅಷ್ಟೂ ತಿಳಿಯದೆ ಇರಲಿಲ್ಲ.

ಆಕೆ ಅವನ ಮುಖ ನೋಡಿದಳು. ಎಷ್ಟೋ ಪರೀಕ್ಷೆಗಳನ್ನು ಕಂಡವಳು ಆಕೆ, ಕ್ಲಾರಿನೆಟ್ಟಿನವನನ್ನೂ, ಮೆಟ್ಟಿಲ ಮೇಲಿನ ಆ ಸದ್ದನ್ನೂ. ಬಟ್ಟೆಯ ಮೂಲೆಯನ್ನು ಮೊದಲಿನ ಹಾಗೇ ಮಡಚಿದಳು.

"ನಾಯಿಗೆ ಅಂತ ತೆಗೆದಿಟ್ಟಿದ್ರೇನೋ ಯಜಮಾನ್ರು, ಮರ್ತು ಹೋಗಿದ್ದಾರೆ" ಎಂದಳು. "ಕಟ್ಟಿಕೊಡ್ಲಾ ಸಾರ್?"

ಅವರ ಮನೆಯಲ್ಲಿ ನಾಯಿ ಇರಲಿಲ್ಲ. "ಹೂಂ, ಕಟ್ಟಿಕೊಡಿ" ಎಂದ. ಆಕೆ ಒಳಗಿನಿಂದ ಕಾಗದ ತಂದು ಪೊಟ್ಟಣ ಕಟ್ಟಿ, ಮೇಜಿನ ಮೇಲಿಡದೆ, ಅವನ ಎರಡೂ ಅಂಗೈಗಳ ಮೇಲೆ ಜಾಗ್ರತೆಯಾಗಿ ಇಟ್ಟಳು.

ಹೊರಗೆ ಬಿಸಿಲಿತ್ತು. ಮಾವ ಕಲ್ಲುಮೆಟ್ಟಿಲ ಮೇಲೆ ನಿಂತಿದ್ದರು. ತುಟಿ ಬಿಗಿದುಕೊಂಡೇ ಮುಗುಳ್ನಕ್ಕು ಕೊಡೆಗೆ ಕೈ ಚಾಚಿದರು. ಅವನು ಕೊಡೆ ಕೊಟ್ಟು, ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದು, ಒಂದೇ ಉಸಿರಿಗೆ ಹೇಳಿಬಿಟ್ಟ: "ಮಾವ, ಸೆಟ್ಟು ತೆಗೆದು ಕೊಡಿ. ಇಲ್ಲೇ ತುಳಿದುಹಾಕಿ. ಮತ್ತೆ ಮಾಡ್ತೀನಿ."

ಮಾವ ಪೊಟ್ಟಣ ನೋಡಿದರು. ಅದು ಅವನ ಎದೆಯ ಮೇಲೆ ಸಣ್ಣಗೆ ಸರಸರ ಸದ್ದು ಮಾಡುತ್ತಿತ್ತು. ಒಂದು ಕ್ಷಣ ಆ ಹಳೆಯ ಯಜಮಾನರ ಕಣ್ಣು ಕಂಡಂತಾಯಿತು, ಬೈಯುತ್ತಾರೆ ಎಂದು ಅವನು ಕಾದ, ಇಷ್ಟು ವರ್ಷ ದ್ವೇಷಿಸಿದ ಆ ಎರಡು ಮಾತಿಗಾಗಿ ಕಾದ. ಮಾವ ಕೈ ಎತ್ತಿ ಅವನ ಭುಜದ ಮೇಲೆ ಇಟ್ಟರು.

"ಯಾಕಪ್ಪ" ಎಂದರು. "ಚೆನ್ನಾಗೇ ಇದೆಯಲ್ಲ."

ಅವರು ಮಗನಿಲ್ಲದವರು, ಇಪ್ಪತ್ತಾರು ವರ್ಷದಲ್ಲಿ ಅವನನ್ನು ಅಪ್ಪ ಎಂದು ಕರೆದದ್ದು ಅದೇ ಮೊದಲು. ಆಮೇಲೆ ಕೊಡೆಯನ್ನು ಊರಿಕೊಂಡು, ಹಿಮ್ಮಡಿ ಸದ್ದಾಗದ ಹಾಗೆ ಮೆಟ್ಟಿಲು ಇಳಿದರು. ಮೂವರೂ ಟೈರು ಅಂಗಡಿ ದಾಟಿ ಸ್ಟಾಪಿಗೆ ಬಂದರು. ಮಾವ ಯಾರೂ ನೋಡದಿರುವಾಗ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಅವನು ಬೇರೆ ಕಡೆ ತಿರುಗಿ ನಿಂತ. ಹೆಂಡತಿ ಪೊಟ್ಟಣದಲ್ಲಿ ಏನಿದೆ ಎಂದು ಕೇಳಲಿಲ್ಲ. ಬಸ್ಸು ಬಂತು. ಮಾವ ಮೊದಲು ಹತ್ತಿದರು. ಅವನು ಹತ್ತಲಿಲ್ಲ. ಬಾಗಿಲ ಮುಂದೆ, ಹಿಂದಿನವರು ಗೊಣಗುತ್ತಿದ್ದರೂ, ಅವಳ ಕೈ ಮೊಣಕೈಯ ಕೆಳಗೆ ಬರುವ ತನಕ ಕಾದು ನಿಂತ.